ಹನ್ನೆರಡು ಸೆಕೆಂಡಿನ ಕಾಫಿ
ಮೂರು ದಿನದಿಂದ ಎಸ್ಪ್ರೆಸೊ ಯಂತ್ರವನ್ನು, ಅಂದರೆ ಬಿಸಿನೀರನ್ನು ಒತ್ತಡದಿಂದ ಪುಡಿಯೊಳಗೆ ಹಾಯಿಸಿ ಗಟ್ಟಿ ಕಾಫಿ ಇಳಿಸುವ ಯಂತ್ರವನ್ನು, ಬೈಯುತ್ತಿದ್ದೆ. 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ ಇಳಿಯಲು 25ರಿಂದ 30 ಸೆಕೆಂಡು ಬೇಕು. ನನ್ನದು 12ಕ್ಕೇ ಸುರಿದು ಮುಗಿಯುತ್ತಿತ್ತು. ಹುಣಸೆ ನೀರಿನಂಥ ಹುಳಿ. ಗ್ಯಾಸ್ಕೆಟ್ ತೊಳೆದೆ, ಜಾಲರಿ ಉಜ್ಜಿದೆ. ಏನೂ ಬದಲಾಗಲಿಲ್ಲ. ಕೊನೆಗೆ ಪುಡಿಯನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದರೆ ಅರ್ಧ ರವೆ, ಅರ್ಧ ಮೈದಾ. ಮಿಕ್ಸಿಯಲ್ಲಿ ಪುಡಿ ಮಾಡಿದವನು ನಾನೇ! ಬ್ಲೇಡು ಬೀಜವನ್ನು ಚೂರು ಮಾಡುತ್ತದೆ, ಬೀಸುವುದಿಲ್ಲ. ನೀರು ದಪ್ಪ ಕಾಳುಗಳ ಸಂದಿಯಲ್ಲಿ ನುಸುಳಿ ಓಡುತ್ತದೆ. ಬೇಕಾಗಿದ್ದು ಬರ್ ಗ್ರೈಂಡರ್: ‘ಬರ್’ ಎಂಬ ಎರಡು ಹಲ್ಲಿನ ಭಾಗಗಳ ನಡುವೆ ಬೀಜವನ್ನು ಬೀಸುತ್ತದೆ; ಅಜ್ಜಿಯ ಬೀಸುಕಲ್ಲಿನ ಮೊಮ್ಮಗ, ಅಷ್ಟೇ. ಕೈಯಲ್ಲಿ ತಿರುಗಿಸುವುದನ್ನೇ ತರಿಸಿದೆ, ಮೋಟಾರಿಗೆ ಕೊಡುವ ಹಣ ಬರ್‌ಗೇ ಹೋಗಲಿ ಎಂದು. ಇವತ್ತು 27 ಸೆಕೆಂಡು, ಜೇನಿನಂತೆ ಇಳಿಯಿತು. ತೋಳು ನೋಯುತ್ತಿದೆ. ಅಮ್ಮ ಒಂದು ಗುಟುಕು ಕುಡಿದು, “ಹಾಲು ಎಲ್ಲಿ?” ಎಂದರು.