ಊರು ಬಿಟ್ಟವರು ಊರಿನ ಬಗ್ಗೆ ಬರೆಯಬಹುದಾ?

ಉಡುಪಿಯಲ್ಲಿ ನಾವು ಕೆಲವರು ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕ ಓದುತ್ತೇವೆ. ಹೊಸದಾಗಿ ಬಂದವರಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: "ಮುಂಬೈಯಲ್ಲೋ ದುಬೈಯಲ್ಲೋ ಕೂತು ಬರೆಯುವವರಿಗೆ ಇಲ್ಲಿನ ವಿಷಯ ಏನು ಗೊತ್ತು ಮಾರಾಯ್ರೆ? ಅದು ನಮ್ಮ ಊರಿನ ಸಾಹಿತ್ಯ ಹೇಗಾಗುತ್ತದೆ?" ಚಹಾ ಕುಡಿಯುವ ಹೊತ್ತಿನಲ್ಲಿ ಇದಕ್ಕೆ ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಖಂಡಿತ ಆಗುತ್ತದೆ. ನಮ್ಮ ಕರಾವಳಿಯಲ್ಲಿ ಯಾರೂ ಹೊರಗೆ ಹೋಗದ ಮನೆ ಹುಡುಕುವುದೇ ಕಷ್ಟ. ಹೋಟೆಲು, ಮಿಲ್ಲು, ಬ್ಯಾಂಕು, ಆಮೇಲೆ ಗಲ್ಫು. ಹೋದವರನ್ನು ಬಿಟ್ಟು ನಮ್ಮ ಕಥೆ ಹೇಳಲು ಹೊರಟರೆ ಅರ್ಧವೂ ಉಳಿಯುವುದಿಲ್ಲ. ಹಾಗಾಗಿ ಬರೆದವರ ವಿಳಾಸ ನನಗೆ ಮುಖ್ಯವಲ್ಲ. ಅವರ ಬರಹದಲ್ಲಿ ಯಾರ್ಯಾರಿಗೆ ಜಾಗ ಇದೆ ಎಂದು ನೋಡುತ್ತೇನೆ.

ಬೇಸರ ತರಿಸುವ ಬರಹವೂ ಇದೆ. ಅಜ್ಜಿಮನೆ, ಹಲಸಿನ ಹಪ್ಪಳ, ಮೊದಲ ಮಳೆ. ಬರೆದವರು ಬಸ್ಸು ಹತ್ತಿದ ದಿನವೇ ಊರು ಅಲ್ಲಿಗೇ ನಿಂತುಬಿಟ್ಟಿರುತ್ತದೆ. ಅಂಗಳದಲ್ಲಿ ಕೆಲಸ ಮಾಡುವವರಿಗೆ ಹೆಸರಿಲ್ಲ. ಅಜ್ಜಿಗೆ ಮೊಣಕಾಲು ನೋವು ಬರುವುದಿಲ್ಲ. ಅವರ ಪ್ರೀತಿ ನಿಜವೇ ಇರಬಹುದು, ಆದರೆ ಅಲ್ಲಿ ಊರು ಕಾಣುವುದಿಲ್ಲ.

ಕಾರಂತರ ‘ಮರಳಿ ಮಣ್ಣಿಗೆ’ ಓದಿ. 1940ರ ದಶಕದ ಆರಂಭದ ಕಾದಂಬರಿ, ನಮ್ಮ ಕಡಲ ಬದಿಯ ಮೂರು ತಲೆಮಾರಿನ ಕಥೆ. ಲಚ್ಚ ಓದಲು ಹೋದವನು ದಾರಿ ತಪ್ಪಿ ಮನೆಯ ಆಸ್ತಿಯನ್ನೇ ಕರಗಿಸುತ್ತಾನೆ. ಅವನ ಮಗ ರಾಮ ಮದ್ರಾಸು, ಮುಂಬೈ ಎಲ್ಲ ನೋಡಿ ಮರಳಿ ಬರುತ್ತಾನೆ. ಈ ಕಾದಂಬರಿ ಊರು ಬಿಟ್ಟವರದ್ದು ಎಂದು ಜಾಸ್ತಿ ಜನ ಹೇಳುತ್ತಾರೆ. ನನ್ನ ಮಟ್ಟಿಗೆ ಇದು ಆ ಮನೆಯ ಹೆಂಗಸರಾದ ಪಾರೋತಿ, ಸರಸೋತಿ, ನಾಗವೇಣಿಯ ಕಾದಂಬರಿ. ಗದ್ದೆ, ಹಿತ್ತಲು, ಕಟ್ಟಿಗೆ, ಮಳೆಗಾಲದ ಹೊಟ್ಟೆಪಾಡು ಎಲ್ಲವೂ ಅವರ ತಲೆಯ ಮೇಲೆ. ಒಬ್ಬ ಪೇಟೆಗೆ ಹೋಗಬೇಕಾದರೆ ಮನೆಯಲ್ಲಿ ಯಾರು ಎಷ್ಟು ಬೆವರು ಹರಿಸಬೇಕು ಎಂಬುದನ್ನು ಕಾರಂತರು ಒಂದೊಂದೇ ಕೆಲಸ ಹಿಡಿದು ತೋರಿಸುತ್ತಾರೆ. ಹೋದವರ ಕಥೆ ಬರೆಯಲು ಹೊರಟವರು ಮೊದಲು ಇದನ್ನು ಓದಬೇಕು ಎಂದು ನನ್ನ ಆಸೆ.

ಇನ್ನು ಸಾರಾ ಅಬೂಬಕ್ಕರ್. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದರು. ಮನೆಯಲ್ಲಿ ಮಲಯಾಳಂ, ಶಾಲೆಯಲ್ಲಿ ಕನ್ನಡ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿನ ಕನ್ನಡಿಗರು ಹೊಸ್ತಿಲು ದಾಟದೆಯೇ ಬೇರೆ ರಾಜ್ಯದವರಾದರು. ಮಂಗಳೂರಿನಲ್ಲಿ ನೆಲೆಸಿದ ಸಾರಾ ಬರೆದದ್ದು ಕನ್ನಡದಲ್ಲಿ. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ ಮದುವೆಯಾಗಿ ಹೋಗುವುದು ಹೊಳೆಯ ಆಚೆ ದಡಕ್ಕೆ, ಅಷ್ಟೇ ದೂರ. ಆದರೆ ಅಪ್ಪ ಹಟ ಹಿಡಿದಾಗ ಅವಳಿಗೆ ತವರೂ ತನ್ನದಾಗಿ ಉಳಿಯುವುದಿಲ್ಲ, ಗಂಡನ ಮನೆಯೂ ಉಳಿಯುವುದಿಲ್ಲ. ಮದುವೆಯಾಗಿ ಹೋಗುವ ಹೆಣ್ಣುಮಕ್ಕಳನ್ನು ನಾವು ವಲಸೆಯ ಲೆಕ್ಕಕ್ಕೇ ಹಿಡಿಯುವುದಿಲ್ಲ ಅಲ್ವಾ? ವಲಸೆ ಎಂದರೆ ರೈಲು, ಹಡಗು, ವಿಮಾನ ಎಂದೇ ನಮ್ಮ ಲೆಕ್ಕ. ಸಾರಾ ಒಂದು ಹೊಳೆ ಇಟ್ಟುಕೊಂಡೇ ಎಲ್ಲ ಹೇಳಿದರು.

ಹೋದವರು ಊರಿನ ಬಗ್ಗೆಯೇ ಬರೆಯಬೇಕು ಎಂಬ ಒತ್ತಾಯವೂ ಬೇಡ. ಉಡುಪಿಯವರಾದ ವ್ಯಾಸರಾಯ ಬಲ್ಲಾಳರು ಮುಂಬೈಯಲ್ಲಿ ಬದುಕಿದರು, ಅಲ್ಲಿನ ಕಾರ್ಮಿಕರ ಹೋರಾಟವನ್ನೇ ಬರೆದರು. ಅವರ ‘ಬಂಡಾಯ’ ಕಾದಂಬರಿಗೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅನ್ನ ಕೊಟ್ಟ ಊರನ್ನು ಕಣ್ಣಿಟ್ಟು ನೋಡುವುದೂ ಒಂದು ಋಣವೇ.

ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಪ್ಯಾರಿಸ್‌ಗೂ ಹೋಗಿ ಬಂದವರು. ಅವರು ಬಿಡಿಸಿದ ನೃತ್ಯದ ರೇಖಾಚಿತ್ರಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಎತ್ತಿದ ಕೈಯಿಂದ ಹೊರಟ ಗೆರೆ ಬೆನ್ನು ದಾಟಿ ಪಾದಕ್ಕೆ ಇಳಿಯುತ್ತದೆ. ಮುಖಕ್ಕೆ ಒಂದೆರಡು ಗೀಟು ಸಾಕು. ಯಕ್ಷಗಾನದ ಕುಣಿತ ನೋಡಿ ಬೆಳೆದವರಿಗೆ ಆ ಗೆರೆ ಗುರುತು ಸಿಗುತ್ತದೆ ಎಂದೇ ನನಗನ್ನಿಸುತ್ತದೆ. ತೆಂಗಿನ ಮರ, ಕಡಲು ಬಿಡಿಸಿದರೆ ಮಾತ್ರ ಊರು ಬಂತು ಎಂದು ಏನಿಲ್ಲ.

ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಸಂಗತಿ ಇದೆ. ಇಲ್ಲಿಂದ ಹೋದವರು ಇದ್ದ ಹಾಗೆ ಇಲ್ಲಿಗೆ ಬಂದವರೂ ಇದ್ದಾರೆ. ಕಡಲಲ್ಲಿ ಮೀನು ಹಿಡಿಯುವ ನಮ್ಮ ಮೊಗವೀರರು ನಂಬುವ ಬಬ್ಬರ್ಯ ದೈವವನ್ನೇ ನೋಡಿ. ತುಳುವಿನಲ್ಲಿ ದೈವಗಳ ಕಥೆ ಹೇಳುವ ಹಾಡು, ಪಾಡ್ದನ, ಅವನನ್ನು ಕಡಲ ವ್ಯಾಪಾರದ ಮುಸ್ಲಿಂ ಮನೆತನದವನು ಎನ್ನುತ್ತದೆ. ಬೇರೆ ನಂಬಿಕೆಯ ಮನೆಯವನು ಇಲ್ಲಿ ಕಡಲಿಗೆ ಇಳಿಯುವವರನ್ನು ಕಾಯುವ ದೈವವಾಗಿ ನೆಲೆ ನಿಂತ. ಅದನ್ನು ಹಾಡಿ ಉಳಿಸಿದವರು ಗದ್ದೆಯಲ್ಲಿ ನೇಜಿ ನೆಡುತ್ತಿದ್ದವರು, ದೈವ ಕಟ್ಟುವವರು. ಯಾರು ನಮ್ಮವರು ಎಂದು ನಾವು ಇವತ್ತು ಜಗಳ ಆಡುವಾಗ ಆ ಹಾಡು ನೆನಪಿರಬೇಕಿತ್ತು.

ಈಗ ಮಲ್ಪೆ ಬಂದರಿಗೆ ಹೋಗಿ. ಬೋಟುಗಳಲ್ಲಿ ದುಡಿಯುವವರಲ್ಲಿ ಒಡಿಶಾ, ಆಂಧ್ರದ ಕಡೆಯವರೂ ಇದ್ದಾರೆ. ಹೋದ ವಾರ ಒಬ್ಬ ಹುಡುಗ ಬಂಗುಡೆ ತುಂಬಿದ ಬುಟ್ಟಿ ಇಳಿಸಿ, ಕೈ ಒರೆಸಿಕೊಂಡು, ಫೋನಿನಲ್ಲಿ ಅಮ್ಮನ ಹತ್ತಿರ ಒಡಿಯಾದಲ್ಲಿ ಮಾತಾಡುತ್ತಿದ್ದ. ಫೋನು ಇಟ್ಟವನೇ ಐಸಿನ ಗಾಡಿಯವನಿಗೆ "ಬೇಗ ಬಲ" (ಬೇಗ ಬಾ) ಎಂದು ತುಳುವಿನಲ್ಲಿ ಕೂಗಿದ. ಅವನೋ ಅವನ ಮಗಳೋ ಮುಂದೊಂದು ದಿನ ಬರೆಯಬಹುದು. ಒಡಿಯಾದಲ್ಲಿ ಬರೆದರೆ ಅನುವಾದ ಮಾಡಿಸಿಯಾದರೂ ನಮ್ಮ ಬಳಗದಲ್ಲಿ ಓದೋಣ, ಮಲ್ಪೆಯ ಪುಸ್ತಕ ಎಂದೇ ಓದೋಣ.