ಮುಲ್ಲಾ, ಮೌಲ್ವಿ, ಮೌಲಾನಾ

ವಿಜಯಪುರ, ಶುಕ್ರವಾರ, 14 ಫೆಬ್ರುವರಿ 2025

ನಮ್ಮ ಕಚೇರಿಗೆ ವರ್ಗವಾಗಿ ಬಂದವರ ಅಡ್ಡಹೆಸರು ಮುಲ್ಲಾ ಎಂದು ತಿಳಿದೊಡನೆ ಒಬ್ಬರು, ‘ನಿಮ್ಮ ತಂದೆಯವರು ಮಸೀದಿಯಾಗ ಇದ್ರೇನ್ರಿ?’ ಎಂದು ಕೇಳಿದರು. ಅವರು ನಕ್ಕು, ‘ಇಲ್ರಿ, ಬಸ್ ಡ್ರೈವರ್ ಇದ್ರು’ ಎಂದರು. ಈ ಸೀಮೆಯಲ್ಲಿ ಮುಲ್ಲಾ, ಮುಲಾಣಿ ಎಂಬ ಮನೆತನಗಳು ಊರೂರಿಗೂ ಇವೆ. ಹಿಂದೆ ನಿಕಾಹ್ ಓದಿಸುವುದು, ಬಿಸ್ಮಿಲ್ಲಾ ಹೇಳಿ ಕುರಿ ಕೊಯ್ಯುವುದು ಮುಂತಾದ ಕೆಲಸಗಳಿಗಾಗಿ ಸುಗ್ಗಿಯಲ್ಲಿ ಕಾಳಿನ ಪಾಲು ಪಡೆಯುತ್ತಿದ್ದ ಆಯಗಾರರಲ್ಲಿ ಮುಲ್ಲಾನೂ ಒಬ್ಬನಾಗಿದ್ದ. ಕಸುಬು ಹೋಗಿ ಹೆಸರು ಉಳಿಯಿತು.

ಪರ್ಷಿಯನ್ ಭಾಷೆಯಿಂದ ನಮಗೆ ಬಂದ ಈ ಪದದ ಬೇರು ಅರಬ್ಬಿಯ ‘ಮೌಲಾ’. ಹತ್ತಿರವಿರುವುದು ಎಂಬರ್ಥದ ಧಾತುವಿನಿಂದ ಹುಟ್ಟಿದ ಈ ಒಂದೇ ಪದ ಒಡೆಯನನ್ನೂ ಹೇಳುತ್ತದೆ, ಅವನಿಂದ ಬಿಡುಗಡೆ ಪಡೆದ ಗುಲಾಮನನ್ನೂ ಹೇಳುತ್ತದೆ. ಏಳು-ಎಂಟನೆಯ ಶತಮಾನಗಳಲ್ಲಿ ಆಳಿದ ಉಮಯ್ಯದ್ ಖಲೀಫರ ಕಾಲದಲ್ಲಿ ಅರಬ್ ಕುಲವೊಂದರ ಆಶ್ರಯ ಹಿಡಿದ ಅರಬೇತರ ಮುಸ್ಲಿಮರನ್ನು ಇದರ ಬಹುವಚನದಿಂದ ‘ಮವಾಲಿ’ ಎಂದೇ ಕರೆಯುತ್ತಿದ್ದರು. ಕ್ರಿ.ಶ. 632ರಲ್ಲಿ ಮೆಕ್ಕಾ ಮದೀನಾಗಳ ನಡುವಿನ ಗದೀರ್ ಖುಮ್ ಎಂಬಲ್ಲಿ ಪ್ರವಾದಿಯವರು ತಮ್ಮ ಅಳಿಯ ಅಲಿಯ ಬಗ್ಗೆ ‘ನಾನು ಯಾರಿಗೆ ಮೌಲಾ ಆಗಿರುವೆನೋ ಅವರಿಗೆ ಅಲಿಯೂ ಮೌಲಾ’ ಎಂದಾಗ ಶಿಯಾಗಳು ಅದರಲ್ಲಿ ನಾಯಕತ್ವದ ಘೋಷಣೆಯನ್ನು ಕಂಡರೆ, ಸುನ್ನಿಗಳು ಆಪ್ತತೆಯ ಮಾತನ್ನಷ್ಟೇ ಕಂಡರು.

‘ಮೌಲಾನಾ’ ಎಂದರೆ ನಮ್ಮ ಒಡೆಯ. ಕುರ್‌ಆನಿನ ಎರಡನೆಯ ಅಧ್ಯಾಯದ ಕೊನೆಯ ವಚನದಲ್ಲಿ ಈ ಸಂಬೋಧನೆ ಸಲ್ಲುವುದು ದೇವರಿಗೆ. ಅದೇ ಮಾತು ತುರ್ಕಿಯ ಕೊನ್ಯಾದ ಕವಿ ರೂಮಿಗೂ, ಅಬುಲ್ ಕಲಾಂ ಆಜಾದರಿಗೂ ಸಂದಿತೆಂದರೆ, ‘ಸ್ವಾಮಿ’ ಎಂಬ ಪದವನ್ನು ದೇವರಿಗೂ ಮಠಾಧೀಶರಿಗೂ ಬಳಸುವ ನಮಗೆ ಅಚ್ಚರಿಯಾಗಬೇಕಿಲ್ಲ. ಮೌಲ್ವಿಯೂ ಇದೇ ಬೇರಿನದು. ಉತ್ತರ ಪ್ರದೇಶದ ಮದರಸಾಗಳಲ್ಲಿ ಅದು ಒಂದು ಪರೀಕ್ಷೆಯ ಹೆಸರು ಕೂಡ. ಆದರೆ ಸುನ್ನಿಗಳಲ್ಲಿ ಮೌಲಾನಾ ಪಟ್ಟ ಕಟ್ಟುವ ಪೀಠವೆಂಬುದಿಲ್ಲ. ಓದಿದವರೆಂಬ ಗೌರವದಿಂದ ಜನ ಕರೆಯುತ್ತಾರೆ, ಹೆಸರು ನಿಲ್ಲುತ್ತದೆ.

ಮುಲ್ಲಾ ಎಂಬುದಂತೂ ಮುಸ್ಲಿಮರ ಸ್ವತ್ತಾಗಿ ಮಾತ್ರ ಉಳಿಯಲಿಲ್ಲ. ಮುಂಬಯಿಯ ಪಾರಸಿ ಪುರೋಹಿತ ಮುಲ್ಲಾ ಫಿರೋಜ್ ಆ ಬಿರುದು ಹೊತ್ತಿದ್ದರು. ಮುಸ್ಲಿಂ ಕಾನೂನಿನ ಬಗ್ಗೆ ವಕೀಲರು ಇಂದಿಗೂ ತೆರೆಯುವ ಗ್ರಂಥದ ಕರ್ತೃ ದಿನ್‌ಶಾ ಫರ್ದುನ್‌ಜಿ ಮುಲ್ಲಾ ಅವರೂ ಪಾರಸಿಯೇ. ಇರಾನಿನಲ್ಲಿ 17ನೆಯ ಶತಮಾನದ ದಾರ್ಶನಿಕ ಮುಲ್ಲಾ ಸದ್ರಾರ ಹೆಸರಿನಲ್ಲಿ ಗೌರವಸೂಚಕವಾಗಿದ್ದ ಪದ ಈಗ ಅಲ್ಲಿ ಹೆಚ್ಚಾಗಿ ಹಳಿಯುವ ದನಿಯಲ್ಲೇ ಕೇಳಿಸುತ್ತದೆ, ನೆರೆಯ ಅಫ್ಘಾನಿಸ್ತಾನದ ತಾಲಿಬಾನಿಗಳು ಮಾತ್ರ ಅದನ್ನು ತಾವಾಗಿಯೇ ಹೆಸರಿನ ಮುಂದೆ ಇಟ್ಟುಕೊಳ್ಳುತ್ತಾರೆ. ಈ ಎರಡು ದನಿಗಳ ಅಂತರ ನಮ್ಮ ಪತ್ರಿಕೆಗಳ ತಲೆಬರಹಗಳಲ್ಲಿ ಕಾಣುವುದು ಅಪರೂಪ.