ಸೆಂಗೆನಿದ್ ಕಣಿವೆಯ ಹಿತ್ತಾಳೆ ಬಿಲ್ಲೆ

ದಕ್ಷಿಣ ವೇಲ್ಸಿನ ಕೇರ್‌ಫಿಲಿಗೆ ನಾವು ಬಂದು ಆರು ವರ್ಷಗಳಾದವು. ನಮ್ಮ ಗೋಡೆಗೆ ಗೋಡೆ ತಾಗಿಕೊಂಡಿರುವ ಮನೆಯಲ್ಲಿ ವಯಸ್ಸಾದ ದಂಪತಿ ಇದ್ದಾರೆ. ಆ ಅಜ್ಜ ಕಲ್ಲಿದ್ದಲು ಗಣಿಗಳ ರಕ್ಷಣಾ ದಳದಲ್ಲಿ ದುಡಿದು ನಿವೃತ್ತರಾದವರು. ನಾನು ಕೋಲಾರದ ಚಿನ್ನದ ಗಣಿಯ ಕಡೆಯವನು ಎಂದು ತಿಳಿದ ದಿನ ಅವರು ಕೇಳಿದ ಮೊದಲ ಪ್ರಶ್ನೆ, "ನಿಮ್ಮದು ಎಷ್ಟು ಆಳ?" ಎಂಬುದಾಗಿತ್ತು. ಮೂರು ಕಿಲೋಮೀಟರಿಗೂ ಹೆಚ್ಚು ಎಂದಾಗ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟು, ಅಲ್ಲಿಯ ಸೆಕೆಯನ್ನು ಕುರಿತು ಅರ್ಧ ಗಂಟೆ ವಿಚಾರಿಸಿದರು.

ಜೊತೆಯಲ್ಲಿ ಕೆಲಸ ಮಾಡುವವನಿಗೆ ಇಲ್ಲಿಯ ಗಣಿ ಕೆಲಸಗಾರರು 'ಬಟ್ಟಿ' ಎನ್ನುತ್ತಾರೆ. ನಮ್ಮ 'ಬುತ್ತಿ'ಗೂ ಇದಕ್ಕೂ ಯಾವ ಸಂಬಂಧವೂ ಇಲ್ಲದಿದ್ದರೂ, ಇಬ್ಬರೂ ಒಂದೇ ಕತ್ತಲಲ್ಲಿ ಕುಳಿತು ಬುತ್ತಿ ಬಿಚ್ಚುವವರಾದ್ದರಿಂದ ನನಗೆ ಆ ಪದ ಪರಕೀಯವೆನಿಸಲಿಲ್ಲ. 'ಕುಚ್' ಎಂಬುದು ಇನ್ನೊಂದು ಪದ. ಮೆಟ್ಟಿಲ ಕೆಳಗೆ ಕಲ್ಲಿದ್ದಲು ತುಂಬಿಡುವ ಗೂಡಿಗೂ ಅದೇ ಹೆಸರು, ಮಗುವನ್ನು ತಬ್ಬಿಕೊಳ್ಳುವುದಕ್ಕೂ ಅದೇ ಹೆಸರು.

ನಮ್ಮ ಊರಿನಿಂದ ಕೆಲವೇ ಮೈಲಿ ದೂರದಲ್ಲಿ ಸೆಂಗೆನಿದ್ ಎಂಬ ಹಳ್ಳಿಯಿದೆ. 1913ರ ಅಕ್ಟೋಬರ್ 14ರಂದು ಬೆಳಿಗ್ಗೆ ಎಂಟು ಗಂಟೆಯಾದ ಸ್ವಲ್ಪ ಹೊತ್ತಿಗೆ ಅಲ್ಲಿಯ ಯೂನಿವರ್ಸಲ್ ಗಣಿಯಲ್ಲಿ ಸ್ಫೋಟವಾಗಿ 439 ಮಂದಿ ಗಣಿ ಕೆಲಸಗಾರರೂ, ಅವರನ್ನು ಉಳಿಸಲು ಇಳಿದ ಒಬ್ಬ ರಕ್ಷಣಾ ಕಾರ್ಯಕರ್ತನೂ ಸತ್ತರು. ಬ್ರಿಟನ್ನಿನ ಗಣಿಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ದುರಂತ ನಡೆದಿಲ್ಲ. ಸತ್ತವರಲ್ಲಿ 14 ವರ್ಷದ ಹುಡುಗರೂ ಇದ್ದರು. ಅದೇ ಗಣಿ 1901ರಲ್ಲಿಯೂ 81 ಮಂದಿಯನ್ನು ನುಂಗಿತ್ತು. ಮೀಥೇನ್ ಅನಿಲಕ್ಕೆ ತಾಗಿದ ಬೆಂಕಿ ನೆಲದ ಮೇಲೂ ಗೋಡೆಗಳ ಮೇಲೂ ಕೂತಿದ್ದ ಕಲ್ಲಿದ್ದಲ ಧೂಳನ್ನು ಎಬ್ಬಿಸಿ, ಆ ಧೂಳನ್ನೇ ಉರಿಸುತ್ತ ಸುರಂಗದಿಂದ ಸುರಂಗಕ್ಕೆ ಓಡಿತು. ಗಾಳಿಯ ದಿಕ್ಕನ್ನು ತಿರುಗಿಸುವ ವ್ಯವಸ್ಥೆಯನ್ನು ಕಾನೂನು ಕೇಳಿದ್ದರೂ ಆ ಗಣಿಯಲ್ಲಿ ಅದು ಇರಲಿಲ್ಲ. ಮುಂದೆ ನ್ಯಾಯಾಲಯ ವ್ಯವಸ್ಥಾಪಕನಿಗೆ ವಿಧಿಸಿದ ದಂಡ 24 ಪೌಂಡು. ಸತ್ತವರ ತಲೆಗೆ ಹಂಚಿದರೆ ಒಂದು ಶಿಲ್ಲಿಂಗಿಗಿಂತ, ಅಂದರೆ ಪೌಂಡಿನ ಇಪ್ಪತ್ತರಲ್ಲೊಂದು ಪಾಲಿಗಿಂತ, ಚೂರು ಹೆಚ್ಚು ಬೀಳುತ್ತದೆ ಎಂದು ಆಗಿನ ಪತ್ರಿಕೆಯೊಂದು ಲೆಕ್ಕ ಹಾಕಿ ಅಚ್ಚು ಹಾಕಿತ್ತು.

ಸ್ಫೋಟದ ನಂತರ ಕೊಲ್ಲುವುದು ಬಹುತೇಕ ಬೆಂಕಿಯಲ್ಲ, ಇಂಗಾಲದ ಮಾನಾಕ್ಸೈಡು. 1896ರಲ್ಲಿ ಇಲ್ಲಿಗೆ ಸಮೀಪದ ಟೈಲರ್ಸ್‌ಟೌನ್ ಗಣಿಯಲ್ಲಿ 57 ಮಂದಿ ಸತ್ತಾಗ ಶರೀರಗಳನ್ನು ಪರೀಕ್ಷಿಸಿದ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಇದನ್ನು ಸ್ಪಷ್ಟಪಡಿಸಿದರು. ಮನುಷ್ಯನಿಗಿಂತ ಬೇಗ ವಿಷ ತಗಲುವ ಕ್ಯಾನರಿ ಹಕ್ಕಿಯನ್ನು ಮುಂದಿಟ್ಟುಕೊಂಡು ಹೋಗುವ ಪದ್ಧತಿ ಅವರ ಸಲಹೆಯಿಂದ ಬಂದದ್ದು, ಮತ್ತು ಅದು 1986ರವರೆಗೂ ನಡೆಯಿತು. ಹಕ್ಕಿಯನ್ನು ಸಾಯಲು ಬಿಡುತ್ತಿದ್ದರೆಂದು ನಾನು ಭಾವಿಸಿದ್ದೆ. ಅಜ್ಜನಿಗೆ ಅದರಿಂದ ನಿಜಕ್ಕೂ ಕೋಪ ಬಂತು. ಪಂಜರದ ನೆತ್ತಿಯಲ್ಲೊಂದು ಪುಟ್ಟ ಆಮ್ಲಜನಕದ ಸಿಲಿಂಡರು ಇರುತ್ತಿತ್ತು. ಹಕ್ಕಿ ಕೋಲಿನಿಂದ ಓಲಾಡಿ ಬಿದ್ದೊಡನೆ ಪಂಜರದ ಬಾಗಿಲನ್ನು ಮುಚ್ಚಿ, ಸಿಲಿಂಡರಿನ ತಿರುಪನ್ನು ಬಿಚ್ಚಿ, ಅದು ಮತ್ತೆ ರೆಕ್ಕೆ ಬಡಿಯುವವರೆಗೆ ನೋಡುತ್ತಿದ್ದರಂತೆ. "ನಮ್ಮನ್ನು ಉಳಿಸಿದವನನ್ನು ನಾವು ಬಿಟ್ಟು ಬರುತ್ತೇವೆಯೇ?" ಎಂದರು.

ರಕ್ಷಣಾ ದಳದವರ ಮನೆಗಳು ಠಾಣೆಗೆ ಅಂಟಿಕೊಂಡೇ ಇರುತ್ತಿದ್ದವು, ಮತ್ತು ಕರೆಗಂಟೆಯ ತಂತಿ ಪ್ರತಿ ಮನೆಯೊಳಕ್ಕೂ ಬಂದಿರುತ್ತಿತ್ತು. ಅಜ್ಜಿ ಆ ಗಂಟೆಯ ವಿಷಯ ಹೇಳುವಾಗ ಈಗಲೂ ದನಿ ತಗ್ಗಿಸುತ್ತಾರೆ. ಅವರ ಅಣ್ಣಂದಿರಿಬ್ಬರೂ ಗಣಿಯಲ್ಲಿದ್ದರು. ಆದ್ದರಿಂದ ಗಂಟೆ ಬಾರಿಸಿದರೆ, ಗಂಡ ಹೊರಟದ್ದು ಯಾರನ್ನು ತರಲು ಎಂಬುದು ಕೂಡ ಅವರಿಗೆ ಗೊತ್ತಾಗುತ್ತಿರಲಿಲ್ಲ. ನಾವು ವಾರ್ತೆಗಳಲ್ಲಿ ನೋಡುವ ರಕ್ಷಣಾ ಕಾರ್ಯಕರ್ತ ಎಲ್ಲಿಂದಲೋ ಬಂದು ಹೋಗುವವನು. ಈ ಕಣಿವೆಗಳಲ್ಲಿ ಸಿಕ್ಕಿಕೊಂಡವನೂ, ಬಿಡಿಸುವವನೂ, ಗಣಿಬಾಯಿಯಲ್ಲಿ ಶಾಲು ಹೊದ್ದು ನಿಂತವಳೂ ಒಂದೇ ಬೀದಿಯವರು. 1966ರ ಅಕ್ಟೋಬರ್ 21ರಂದು ಅಬರ್‌ಫ್ಯಾನಿನಲ್ಲಿ ಗಣಿತ್ಯಾಜ್ಯದ ಗುಡ್ಡ ಜಾರಿ ಶಾಲೆಯ ಮೇಲೆ ಬಿದ್ದು 116 ಮಕ್ಕಳು ಸೇರಿ 144 ಮಂದಿ ಸತ್ತಾಗ, ಪಾಳಿಯಿಂದ ಮೇಲೆ ಬಂದ ಗಣಿ ಕೆಲಸಗಾರರು ಅದೇ ಸಲಿಕೆಗಳಿಂದ ಕೆಸರನ್ನು ಅಗೆದರು. ಅವರಲ್ಲಿ ಹಲವರು ಆ ಮಕ್ಕಳ ತಂದೆಯರು. ಉಳಿದ ಗುಡ್ಡಗಳನ್ನು ತೆಗೆಸಲು ಸಂತ್ರಸ್ತರಿಗಾಗಿ ಕೂಡಿದ ನಿಧಿಯಿಂದಲೇ ಒಂದೂವರೆ ಲಕ್ಷ ಪೌಂಡು ಕಿತ್ತುಕೊಂಡ ಸರ್ಕಾರ ಅದನ್ನು ಹಿಂದಿರುಗಿಸಿದ್ದು 1997ರಲ್ಲಿ. ಈ ಒಂದು ಸಂಗತಿಯನ್ನು ಅಜ್ಜ ಹೇಳುವುದೇ ಇಲ್ಲ. ನಾನು ಬೇರೆಡೆ ಓದಿ ತಿಳಿದೆ.

ಗಂಡಸರ ಸಾಹಸದ ಕಥೆಗಳ ನಡುವೆ ಮನೆಯ ದುಡಿಮೆ ಮರೆಯಾಗುತ್ತದೆ ಎಂದು ಅಜ್ಜಿಯ ದೂರು, ಮತ್ತು ಅದು ಸರಿಯಾದ ದೂರು. ಗಣಿಬಾಯಿಯಲ್ಲಿ ಸ್ನಾನದ ಮನೆಗಳು ಬರುವ ಮುನ್ನ ಗಂಡನೂ ಮಕ್ಕಳೂ ಕಪ್ಪುಮೈಯಲ್ಲೇ ಮನೆಗೆ ಬರುತ್ತಿದ್ದರು. ಅಜ್ಜಿಯ ತಾಯಿ ಒಲೆಯ ಮುಂದೆ ತಗಡಿನ ತೊಟ್ಟಿಯನ್ನು ಎಳೆದು, ನೀರು ಕಾಯಿಸಿ, ಮೂರು ಪಾಳಿಗೆ ಮೂರು ಬಾರಿ ಹೊತ್ತು ಸುರಿಯಬೇಕಿತ್ತು. ಕುದಿಯುವ ನೀರು ಚೆಲ್ಲಿ ಮಕ್ಕಳು ಸುಟ್ಟುಕೊಳ್ಳುವುದೂ ಅಪರೂಪವಾಗಿರಲಿಲ್ಲ. ನಮ್ಮ ಅಜ್ಜಿ ಗಣಿಯ ಸೈರನ್ನನ್ನು ಕೇಳಿ ಹಂಡೆಗೆ ಬೆಂಕಿ ಹಾಕುತ್ತಿದ್ದುದು ನನಗೆ ಇದನ್ನು ಕೇಳುವಾಗ ನೆನಪಾಯಿತು.

ದುರಂತದ ಶತಮಾನದ ದಿನ, 2013ರಲ್ಲಿ, ಸೆಂಗೆನಿದ್‌ನ ಹಳೆಯ ಗಣಿಯ ಜಾಗದಲ್ಲಿ ವೇಲ್ಸಿನ ಗಣಿ ಕೆಲಸಗಾರರಿಗೆಲ್ಲ ಒಂದು ಸ್ಮಾರಕವನ್ನು ಅನಾವರಣಗೊಳಿಸಿದರು. ಬದುಕುಳಿದವನೊಬ್ಬನನ್ನು ರಕ್ಷಣಾ ಕಾರ್ಯಕರ್ತ ಆಸರೆಗೊಡುವ ಕಂಚಿನ ಪ್ರತಿಮೆ ಅದು. ಕಳೆದ ಅಕ್ಟೋಬರಿನಲ್ಲಿ ನಾವು ಜೊತೆಯಾಗಿ ಹೋದಾಗ ಅಜ್ಜ ಕೀಲಿಗೊಂಚಲಿನಿಂದ ಒಂದು ಹಿತ್ತಾಳೆಯ ಬಿಲ್ಲೆಯನ್ನು ತೋರಿಸಿದರು. ಅಂಚು ಸವೆದ, ನಡುವೆ ಸಂಖ್ಯೆ ಒತ್ತಿದ, ನಮ್ಮ ಹಳೆಯ ರೂಪಾಯಿಗಿಂತ ತುಸು ದೊಡ್ಡ ಬಿಲ್ಲೆ. ಇಳಿಯುವವನು ದೀಪದ ಕೋಣೆಯಲ್ಲಿ ಇದನ್ನು ಕೊಟ್ಟು ದೀಪ ಪಡೆಯುತ್ತಿದ್ದ, ಮೇಲೆ ಬಂದಾಗ ದೀಪ ಕೊಟ್ಟು ಬಿಲ್ಲೆ ಪಡೆಯುತ್ತಿದ್ದ. ಮೊಳೆಗಳ ಮೇಲೆ ಉಳಿದ ಬಿಲ್ಲೆಗಳನ್ನು ಎಣಿಸಿದರೆ ಒಳಗೆ ಯಾರಿದ್ದಾರೆಂದು ತಿಳಿಯುತ್ತಿತ್ತು.

ಸಂಜೆ ಮನೆಗೆ ಬಂದು ಅಜ್ಜ ಗೊಂಚಲನ್ನು ಅಡುಗೆಮನೆಯ ಮೊಳೆಗೆ ತೂಗುಹಾಕಿದರು. ಆ ಸದ್ದಿಗೆ ಅಜ್ಜಿ ತಿರುಗಿ ನೋಡದೆಯೇ ಕೆಟಲಿನ ಗುಂಡಿ ಒತ್ತಿದರು.